ಬಾಲಿಗೆ ಹೊರಟಿದ್ದೀರಾ?

ಉಲುವಾಟುವಿನ ಬಂಡೆಯ ಮೇಲೆ ಸೂರ್ಯ ಮುಳುಗುವ ಹೊತ್ತಿಗೆ ಕೆಚಕ್ ನೋಡದೆ ಯಾರೂ ಬರುವುದಿಲ್ಲ. ನೋಡಿ, ಬೇಡವೆನ್ನುವುದಿಲ್ಲ. ಆದರೆ ಆ ಕುಣಿತ ಈಗಿನ ರೂಪ ಪಡೆದದ್ದು 1930ರ ದಶಕದಲ್ಲಿ, ಅದೂ ಹೊರಗಿನ ಪ್ರೇಕ್ಷಕರಿಗಾಗಿ. ಬಾಲಿಯವರು ತಮ್ಮ ದೇವರಿಗಾಗಿ ಕುಣಿಯುವುದನ್ನು ಕಾಣಬೇಕಾದರೆ ಯಾವುದಾದರೂ ಹಳ್ಳಿಗುಡಿಯ ಓಡಾಲಾನ್‌ಗೆ, ಅಂದರೆ ವರ್ಧಂತಿಗೆ ಹೋಗಿ. ಎಷ್ಟೋ ಗುಡಿಗಳಲ್ಲಿ ಇದು 210 ದಿನಗಳ ಪವುಕೊನ್ ಪಂಚಾಂಗದಂತೆ ಬರುತ್ತದೆ. ನಮ್ಮ ಕ್ಯಾಲೆಂಡರಿನಲ್ಲಿ ಹುಡುಕುವ ಬದಲು ಉಳಿದುಕೊಂಡ ಮನೆಯವರನ್ನೇ ಕೇಳಿ. ಸೊಂಟಕ್ಕೆ ಪಂಚೆಯಂಥ ಕಾಮೆನ್, ಅದರ ಮೇಲೊಂದು ನಡುಪಟ್ಟಿ ಕಡ್ಡಾಯ. ಪ್ರಾರ್ಥನೆಗೆ ಕೂತವರ ಮುಂದೆ ಹಾಯಬೇಡಿ, ಅರ್ಚಕರಿಗಿಂತ ಎತ್ತರದಲ್ಲಿ ನಿಂತು ಫೋಟೊ ತೆಗೆಯಬೇಡಿ. ಮುಟ್ಟಾದ ಹೆಂಗಸರಿಗೆ ಒಳಗೆ ಪ್ರವೇಶವಿಲ್ಲ. ನಿಮಗೆ ಒಪ್ಪಿಗೆಯಾಗಲಿ ಬಿಡಲಿ, ನಿಯಮ ತಿಳಿದಿರಲಿ.

ರಾತ್ರಿ ವಾಯಾಂಗ್ ಕುಲಿತ್ ಇದ್ದರೆ ನಿದ್ದೆಗೆಡಿ. ತೊಗಲುಗೊಂಬೆಯಾಟ, ಕತೆ ಹೆಚ್ಚಾಗಿ ಮಹಾಭಾರತದ್ದೇ. ರಾಜರು ಹಳೆಯ ಕವಿ ಭಾಷೆಯಲ್ಲಿ ಆಡಿದ್ದನ್ನು ತ್ವಾಲೆನ್, ಮರ್ದಾ ಎಂಬ ಸೇವಕರು ಆಡುಮಾತಿನಲ್ಲಿ, ತಮಾಷೆ ಬೆರೆಸಿ ಜನರಿಗೆ ದಾಟಿಸುತ್ತಾರೆ. ಯಕ್ಷಗಾನದ ಹಾಸ್ಯಗಾರರನ್ನು ನೋಡಿ ಬೆಳೆದವರಿಗೆ ಭಾಷೆ ಬರದಿದ್ದರೂ ಆಟ ದಕ್ಕುತ್ತದೆ.

ಜೂನ್–ಜುಲೈಯಲ್ಲಿ ಹೋಗುವುದಾದರೆ ಡೆನ್‌ಪಸಾರ್‌ನ ಕಲೋತ್ಸವವಿದೆ; ಅಲ್ಲಿ ಸ್ಥಳೀಯರೇ ಸಂಸಾರ ಸಮೇತ ಬಂದಿರುತ್ತಾರೆ. ಹಗಲು ಬಿಡುವಿದ್ದರೆ ತೆಂಗನಾನ್ ಹಳ್ಳಿಗೆ ಹೋಗಿ. ಹಾಸು, ಹೊಕ್ಕು ಎರಡೂ ನೂಲುಗಳನ್ನು ನೇಯುವ ಮೊದಲೇ ಗಂಟು ಕಟ್ಟಿ ಬಣ್ಣ ಹಾಕುವ ಗೆರಿಂಗ್‌ಸಿಂಗ್ ಬಟ್ಟೆ ಅಲ್ಲಿಯದು. ಒಂದು ಬಟ್ಟೆ ಮುಗಿಯಲು ವರ್ಷಗಳೇ ಹಿಡಿಯಬಹುದು. ಬೆಲೆ ಕೇಳಿ ಬೆಚ್ಚಿದರೆ ಕೊಳ್ಳದೆ ಬನ್ನಿ, ಚೌಕಾಸಿಗೆ ಮಾತ್ರ ಇಳಿಯಬೇಡಿ.