ಮೂತ್ರಪಿಂಡದ ಪೊರೆ ಮತ್ತು ಲೂಪಸ್ ರೋಗ

ಮಾನವನ ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ರಕ್ತವು ಇವುಗಳ ತೆಳುಪೊರೆಯನ್ನು ಹಾಯುವಾಗ ನೀರೂ ಕಶ್ಮಲವೂ ಹೊರಬೀಳುತ್ತವೆ. ಆಲ್ಬುಮಿನ್ ಎಂಬ ಪ್ರೋಟೀನು ರಕ್ತದಲ್ಲಿಯೇ ಉಳಿಯುತ್ತದೆ. ಪೊರೆ ಕೆಟ್ಟಾಗ ಈ ಪ್ರೋಟೀನು ಮೂತ್ರದೊಡನೆ ಸೋರಿಹೋಗುತ್ತದೆ. ಮೂತ್ರದಲ್ಲಿ ಆರದ ನೊರೆ, ಬೆಳಿಗ್ಗೆ ಕಣ್ಣಿನ ಸುತ್ತ ಊತ, ಸಂಜೆಗೆ ಕಾಲುಬಾವು ಇದರ ಲಕ್ಷಣಗಳು. ಸುಲ್ತಾನ್ ಬಜಾರ್‌ನಲ್ಲಿ ಕೊಂಡ ಚಪ್ಪಲಿ ವಾರದೊಳಗೆ ಬಿಗಿಯಾದರೆ ದೋಷ ಚಪ್ಪಲಿಯದೇ ಎಂದು ಭಾವಿಸಬೇಕಾಗಿಲ್ಲ.

ಇಂತಹ ಸೋರಿಕೆಗೆ ಒಂದು ಮುಖ್ಯ ಕಾರಣ ಮೆಂಬ್ರೇನಸ್ ನೆಫ್ರೋಪತಿ. ದೇಹವನ್ನು ಕಾಯಬೇಕಾದ ಪ್ರತಿಕಾಯಗಳು ಇದರಲ್ಲಿ ಪ್ರತಿಜನಕಗಳೊಡನೆ ಕೂಡಿ ಪೊರೆಯ ಹೊರಮೈಯಲ್ಲಿ ಕಣಕಣವಾಗಿ ಸಂಚಯಗೊಳ್ಳುತ್ತವೆ. ಈ ಸಂಚಯಗಳ ನಡುವೆ ಪೊರೆ ಮುಳ್ಳುಮುಳ್ಳಾಗಿ ಬೆಳೆದು ದಪ್ಪವಾಗುತ್ತದೆ, ದಪ್ಪವಾದರೂ ಸೋರುತ್ತದೆ.

ಹೊರಗೆ ಕಾಣುವ ಬಾವು ಒಂದೇ ಆದರೂ ಸಂಚಯಗಳ ಮೂಲ ಒಂದೇ ಅಲ್ಲ. ಬೇರಾವ ರೋಗದ ಹಂಗೂ ಇಲ್ಲದೆ ಬರುವ ಬಗೆಯಲ್ಲಿ, ಸುಮಾರು ಶೇಕಡಾ 70 ರೋಗಿಗಳಲ್ಲಿ ಪಿಎಲ್‌ಎ2ಆರ್ ಎಂಬ ಪ್ರತಿಜನಕ ಕಾರಣವೆಂದು 2009ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಇದನ್ನು ಈಗ ರಕ್ತಪರೀಕ್ಷೆಯಿಂದಲೂ ಗುರುತಿಸಬಹುದು.

ಲೂಪಸ್‌ನ ಚಿತ್ರ ಬೇರೆ. ಹೆಚ್ಚಾಗಿ ಹೆರುವ ವಯಸ್ಸಿನ ಸ್ತ್ರೀಯರನ್ನು ಕಾಡುವ ಈ ರೋಗದಲ್ಲಿ ಸಂಚಯಗಳು ಪೊರೆಯ ಹೊರಮೈಯಲ್ಲಿ ಮಾತ್ರವಲ್ಲದೆ ಶೋಧಕದ ಇತರ ಭಾಗಗಳಲ್ಲಿಯೂ ಕಾಣಬಹುದು. ಪ್ರತಿದೀಪ್ತಿ ಪರೀಕ್ಷೆಯಲ್ಲಿ ಐಜಿಜಿ, ಐಜಿಎ, ಐಜಿಎಂ ಎಂಬ ಪ್ರತಿಕಾಯಗಳೂ ಸಿ3, ಸಿ1ಕ್ಯೂ ಎಂಬ ಪೂರಕಗಳೂ ಒಟ್ಟಾಗಿ ಹೊಳೆಯುವುದುಂಟು. ಕೀಲುನೋವು, ಕೆನ್ನೆಯ ಕೆಂಪು ಕಾಣಿಸುವ ಮೊದಲೇ ಮೂತ್ರಪಿಂಡ ಈ ಸುಳಿವನ್ನು ಕೊಡಬಹುದು.

ಮೂರನೆಯದು ಮನುಷ್ಯನೇ ತಂದುಕೊಳ್ಳುವ ಬಗೆ. ಪಾದರಸ ಬೆರೆತ ಬಿಳಿಚುವ ಮುಲಾಮುಗಳನ್ನು ಬಳಸಿದವರಲ್ಲಿ ನೆಲ್-1 ಎಂಬ ಪ್ರತಿಜನಕದ ಸಂಚಯವನ್ನು ಕೇರಳದ ಕೋಟ್ಟಕ್ಕಲ್‌ನ ವೈದ್ಯರು ಗುರುತಿಸಿದ್ದಾರೆ. ಕೆಲವು ನಾಟಿ ಔಷಧಗಳಿಗೂ ಇದೇ ಸಂಬಂಧವಿರುವುದನ್ನು ವೆಲ್ಲೂರಿನ ವೈದ್ಯರು ತೋರಿಸಿದ್ದಾರೆ. ಕಾರಣವಾದ ವಸ್ತುವನ್ನು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡಿರುವುದು ಸಮಾಧಾನದ ಸಂಗತಿ.

ಮೂಲ ಬೇರೆಯಾದ್ದರಿಂದ ಚಿಕಿತ್ಸೆಯೂ ಬೇರೆ. ಒಬ್ಬರಿಗೆ ಮುಲಾಮು ಬಿಟ್ಟರೆ ಸಾಕಾಗಬಹುದು. ಲೂಪಸ್ ಇದ್ದವರಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್, ಸ್ಟೀರಾಯ್ಡ್, ಮೈಕೋಫಿನೋಲೇಟ್ ಮುಂತಾದವು ಬೇಕಾಗಬಹುದು. ಇವುಗಳಲ್ಲಿ ಮೈಕೋಫಿನೋಲೇಟ್ ಗರ್ಭಿಣಿಯರಿಗೆ ಸಲ್ಲದು. ಇಷ್ಟನ್ನೂ ತಿಳಿಯದೆ ಬಾವಿಳಿಸುವ ಮಾತ್ರೆಯನ್ನಷ್ಟೇ ನುಂಗುತ್ತ ಕೂತರೆ ಬಾವು ಇಳಿದೀತು, ರೋಗ ಉಳಿದೀತು. ಪ್ರೋಟೀನು ಬಹಳ ಸೋರಿದವರಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ.

ಆದುದರಿಂದಲೇ ಬಯಾಪ್ಸಿಗೆ ಮಹತ್ವ. ಜಾಗವನ್ನು ಮರಗಟ್ಟಿಸಿ, ಬೆನ್ನಿನ ಕಡೆಯಿಂದ ಸೂಜಿಯಲ್ಲಿ ನೂಲಿನೆಳೆಯಷ್ಟು ಅಂಗಾಂಶ ತೆಗೆಯುತ್ತಾರೆ. ರಕ್ತಸ್ರಾವದ ಸಂಭವ ಅಲ್ಪ. ಅದಕ್ಕಾಗಿಯೇ ರೋಗಿಯನ್ನು ಕೆಲವು ಗಂಟೆ ಆಸ್ಪತ್ರೆಯಲ್ಲಿಟ್ಟು ನೋಡುತ್ತಾರೆ. ಮದುವೆಗೆ ಅಡ್ಡಿಯಾದೀತೆಂದು ಮಗಳ ಪರೀಕ್ಷೆಯನ್ನು ಮುಂದೂಡುವ ಕುಟುಂಬಗಳು, ಹತೋಟಿಗೆ ಬಂದ ಲೂಪಸ್‌ನೊಡನೆ ವೈದ್ಯರ ಸಲಹೆಯಂತೆ ತಾಯಂದಿರಾದವರು ಅನೇಕರಿದ್ದಾರೆ ಎಂಬುದನ್ನು ಅರಿಯಬೇಕು. ಮುಂದೂಡಿದ ತಿಂಗಳುಗಳಲ್ಲಿ ಹಾಳಾದ ಶೋಧಕಗಳು ಮರಳಿ ಹುಟ್ಟವು.

ಸುಲ್ತಾನ್ ಬಜಾರ್ ಸುತ್ತಿನ ಕನ್ನಡಿಗರು ಇದಕ್ಕಾಗಿ ದೂರ ಅಲೆಯಬೇಕಾಗಿಲ್ಲ. 1846ರಲ್ಲಿ ವೈದ್ಯಶಾಲೆಯಾಗಿ ಆರಂಭವಾದ ಉಸ್ಮಾನಿಯಾ ವೈದ್ಯಕೀಯ ಕಾಲೇಜು ಪಕ್ಕದ ಕೋಠಿಯಲ್ಲಿಯೇ ಇದೆ. ಅದಕ್ಕೆ ಸೇರಿದ ಉಸ್ಮಾನಿಯಾ ಆಸ್ಪತ್ರೆಯಲ್ಲಿ ಮೂತ್ರಪಿಂಡ ವಿಭಾಗವಿದೆ. ನೊರೆಮೂತ್ರ ಕಂಡ ವಾರದಲ್ಲಿಯೇ ಮೂತ್ರದ ಪ್ರೋಟೀನು ಪರೀಕ್ಷೆ ಮಾಡಿಸಿಕೊಳ್ಳುವುದು ಮೊದಲ ಹೆಜ್ಜೆ.