ನೀರು ಎಲ್ಲಿಗೆ ಹೋಗುತ್ತಿದೆ ಎಂದು ಮೊದಲು ನೋಡಿ

ನಂದಿನಿ ಲೇಔಟ್, ಲಗ್ಗೆರೆ, ಗೊರಗುಂಟೆಪಾಳ್ಯ ಸುತ್ತಮುತ್ತಲ ಡೀಸೆಲ್ ಲಾರಿ ಮಾಲೀಕರು, ಚಾಲಕರು, ಮೆಕ್ಯಾನಿಕ್ಕುಗಳ ಗಮನಕ್ಕೆ

ಪೀಣ್ಯಕ್ಕೂ ಯಶವಂತಪುರದ ಎಪಿಎಂಸಿ ಯಾರ್ಡಿಗೂ ಓಡಾಡುವ ಲಾರಿಗಳಿಂದ ಬರುವ ದೂರು ಹೆಚ್ಚಾಗಿ ಒಂದೇ: ಕೂಲೆಂಟ್ ಕಮ್ಮಿಯಾಗುತ್ತಿದೆ, ಚೆಕ್ ಲೈಟ್ ಬಂದಿದೆ, ಗಾಡಿ ಎಳೆಯುತ್ತಿಲ್ಲ. ಆಗ ಯಾರಾದರೂ ಒಬ್ಬರು ‘ಇಜಿಆರ್ ಮುಚ್ಚಿಸಿಬಿಡಿ, ಯೂರಿಯಾ ಬೈಪಾಸ್ ಮಾಡಿಸಿ, ಎಲ್ಲ ಸರಿಹೋಗುತ್ತೆ’ ಅನ್ನುತ್ತಾರೆ. ಸರಿಹೋಗುವುದಿಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಲಾರಿಗಳಲ್ಲಿ ಎಂಜಿನ್ ತಣಿಸುವ ವ್ಯವಸ್ಥೆ, ಹೊಗೆ ಶುದ್ಧಿ ಮಾಡುವ ವ್ಯವಸ್ಥೆ ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್ ಇರುವ ಗಾಡಿಯಲ್ಲಿ ಆ ಸುಡುವ ಹೊಗೆಯನ್ನು ತಣಿಸುವುದು ಇದೇ ಕೂಲೆಂಟ್. ಅನೇಕ ಮಾಡೆಲ್‌ಗಳಲ್ಲಿ ಸೈಲೆನ್ಸರಿನೊಳಕ್ಕೆ ಯೂರಿಯಾ ಚಿಮ್ಮಿಸುವ ಇಂಜೆಕ್ಟರನ್ನು ಬೇಯದಂತೆ ಕಾಯುವುದೂ ಇದೇ. ಸಣ್ಣ ಹೋಸ್ ಪೈಪೊಂದು ಸೋರಿ ನೀರಿಳಿದರೆ ಆ ಇಂಜೆಕ್ಟರ್ ಕಾದು, ಯೂರಿಯಾ ಗಟ್ಟಿಕಟ್ಟಿ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಎಂ) ಅದರ ಶಕ್ತಿಯನ್ನು ಇಳಿಸುತ್ತದೆ. ಅಲ್ಲಿ ಬದಲಿಸಬೇಕಾದ್ದು ಆ ಪೈಪನ್ನು.

ಕೂಲೆಂಟ್: ಮಾಡಬೇಕಾದ್ದು

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮಟ್ಟ ನೋಡಿ. ಟ್ಯಾಂಕಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು ತಾರೀಖು, ಕಿಲೋಮೀಟರ್ ಬರೆದಿಡಿ. ಎಷ್ಟು ದೂರಕ್ಕೆ ಎಷ್ಟು ಇಳಿಯಿತು ಎಂಬ ಲೆಕ್ಕವಿಲ್ಲದೆ ಒಳ್ಳೆಯ ಮೆಕ್ಯಾನಿಕ್ಕಿಗೂ ಕಾರಣ ಹೇಳುವುದು ಕಷ್ಟ.

ಪ್ರೆಷರ್ ಟೆಸ್ಟರ್ ಹಾಕಿಸಿ. ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ಕಾಲು ಗಂಟೆ ಬಿಡಿ. ಮುಳ್ಳು ಇಳಿದರೆ ಟಾರ್ಚ್ ಹಿಡಿದು ಹುಡುಕಿ: ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ರೇಡಿಯೇಟರಿನ ಅಂಚು, ಹೋಸ್ ಕ್ಲಿಪ್ಪುಗಳು, ಯೂರಿಯಾ ಇಂಜೆಕ್ಟರಿಗೆ ಹೋಗುವ ಸಣ್ಣ ಪೈಪು. ಈ ಕೊನೆಯದು ಕಣ್ಣು ತಪ್ಪುವ ಜಾಗ, ಬಗ್ಗಿ ನೋಡಿ. ಮುಚ್ಚಳವನ್ನೂ ಪರೀಕ್ಷಿಸಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಒತ್ತಡವಿಲ್ಲದ ಬರೀ ನೀರು ಇಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ರಬ್ಬರ್ ಹೋದರೆ ಬೇರೇನೂ ಕೆಡದಿದ್ದರೂ ನೀರು ಉಕ್ಕುತ್ತದೆ.

ಹೊರಗೆಲ್ಲೂ ಸೋರದೆ ನೀರು ಇಳಿಯುತ್ತಿದ್ದರೆ ಅದು ಒಳಗೆ ಹೋಗುತ್ತಿದೆ. ಇಲ್ಲಿ ಅವಸರ ಮಾಡಬೇಡಿ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲುಬಣ್ಣಕ್ಕೆ ತಿರುಗಿದ್ದರೆ ಆಯಿಲ್ ಕೂಲರ್, ಹೆಡ್ ಗ್ಯಾಸ್ಕೆಟ್, ಲೈನರ್ ಸೀಲು ನೋಡಿ. ಟ್ಯಾಂಕಿನಲ್ಲಿ ಗುಳ್ಳೆ ಕಂಡ ಕೂಡಲೇ ಹೆಡ್ ಇಳಿಸಬೇಡಿ. ಏರ್ ಬ್ರೇಕ್ ಕಂಪ್ರೆಸರಿನ ಹೆಡ್ಡಿಗೂ ಕೂಲೆಂಟ್ ಹೋಗುವ ಲಾರಿಗಳಲ್ಲಿ ಅದರ ಗ್ಯಾಸ್ಕೆಟ್ ಹೋದರೂ ಇದೇ ಗುಳ್ಳೆ ಬರುತ್ತದೆ. ಏರ್ ತುಂಬಿ ಕಂಪ್ರೆಸರ್ ಕಟ್‌ಆಫ್ ಆದಾಗ ಗುಳ್ಳೆ ನಿಂತರೆ ಮೊದಲ ಅನುಮಾನ ಕಂಪ್ರೆಸರಿನ ಮೇಲೆ. ಇಷ್ಟನ್ನು ನೋಡದೆ ಹೆಡ್ ಇಳಿಸಿ, ಕಂತು ಕಟ್ಟಿಕೊಂಡು ಗಾಡಿ ಓಡಿಸುವವರ ಮೇಲೆ ಆ ಖರ್ಚು ಹೊರಿಸುವುದು ಅನ್ಯಾಯ.

ಆಯಿಲ್ ಚೊಕ್ಕಟವಾಗಿದೆ, ಗುಳ್ಳೆಯೂ ಇಲ್ಲ, ಆದರೆ ಬಿಳಿ ಹೊಗೆ ಸಿಹಿ ವಾಸನೆಯೊಂದಿಗೆ ಬರುತ್ತಿದೆ ಎಂದರೆ ಇಜಿಆರ್ ಕೂಲರನ್ನು ಬಿಚ್ಚಿ. ನೀರಿನ ಒಂದು ಬಾಯಿ ಮುಚ್ಚಿ, ಇನ್ನೊಂದರಿಂದ ಕಂಪನಿ ಹೇಳಿದಷ್ಟೇ ಗಾಳಿ ಕೊಟ್ಟು, ಬಿಸಿನೀರಿನಲ್ಲಿ ಮುಳುಗಿಸಿ ನೋಡಿ. ತಣ್ಣಗಿದ್ದಾಗ ಕೂಡಿಕೊಂಡಿರುವ ಬಿರುಕು ಬಿಸಿಗೆ ಬಾಯಿಬಿಡುತ್ತದೆ. ಸೋರುತ್ತಿದ್ದರೆ ಬದಲಿಸುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ: ಸಿಲಿಂಡರಿಗೆ ನೀರು ಇಳಿದಿದ್ದರೆ ಕನೆಕ್ಟಿಂಗ್ ರಾಡೇ ಬಾಗಬಹುದು. ಸೈಲೆನ್ಸರಿನ ಹತ್ತಿರ ಕಾಣುವ ಗಟ್ಟಿ ಬಿಳಿ ಉಪ್ಪನ್ನು ಕೂಲೆಂಟ್ ಕಲೆ ಎಂದುಕೊಳ್ಳಬೇಡಿ, ಅದು ಸಾಮಾನ್ಯವಾಗಿ ಯೂರಿಯಾ.

ಕೂಲೆಂಟ್: ಮಾಡಬಾರದ್ದು

ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯಬೇಡಿ, ಕ್ಲೀನರ್ ಹುಡುಗನ ಕೈಲಂತೂ ತೆಗೆಸಲೇಬೇಡಿ. ಮುಖ ಸುಟ್ಟ ಮೇಲೆ ಯಾವ ಲೋಡಿನ ಬಾಡಿಗೆಯೂ ಅದಕ್ಕೆ ಪರಿಹಾರವಲ್ಲ.

ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ಕಡೆಯ ಗಡಸು ನೀರು ಒಳಗೆಲ್ಲ ಸುಣ್ಣದ ಪದರ ಕಟ್ಟುತ್ತದೆ. ಬಣ್ಣ ನೋಡಿ ಕೂಲೆಂಟ್ ಬೆರೆಸಬೇಡಿ. ಹಸಿರು, ಕೆಂಪು ಎನ್ನುವುದು ತಯಾರಕರು ಹಾಕಿದ ಬಣ್ಣ ಅಷ್ಟೇ, ಕಂಪನಿ ಪುಸ್ತಕದಲ್ಲಿರುವ ದರ್ಜೆ ನೋಡಿ. ದೊಡ್ಡ ಎಂಜಿನ್ನುಗಳಲ್ಲಿ ಲೈನರಿನ ಹೊರಮೈಗೆ ಕೂಲೆಂಟ್ ನೇರವಾಗಿ ತಾಗುತ್ತದೆ. ರಕ್ಷಣೆಯ ರಾಸಾಯನಿಕ ಇಲ್ಲದಿದ್ದರೆ ಲೈನರ್ ನಡುಗುವಾಗ ಏಳುವ ಸಣ್ಣ ಗುಳ್ಳೆಗಳು ಒಡೆಯುತ್ತಾ ಲೋಹವನ್ನೇ ಕೊರೆದು ತೂತು ಮಾಡುತ್ತವೆ.

ಅರಿಶಿನ ಪುಡಿ, ಲೀಕ್ ನಿಲ್ಲಿಸುವ ಪುಡಿ ಹಾಕಬೇಡಿ. ಹಳೆಯ ರೇಡಿಯೇಟರಿನಲ್ಲಿ ಒಂದು ರಾತ್ರಿಯ ಪ್ರಯಾಣಕ್ಕೆ ಅದು ನಡೆದಿರಬಹುದು. ಇಜಿಆರ್ ಕೂಲರಿನ ಕಿರಿದಾದ ದಾರಿಗಳಲ್ಲಿ ಅದೇ ಅಡ್ಡ ಕಟ್ಟಿಕೊಳ್ಳುತ್ತದೆ.

ಥರ್ಮೋಸ್ಟಾಟ್ ತೆಗೆಯಬೇಡಿ. ಇದನ್ನು ಹಿರಿಯ ಮೆಕ್ಯಾನಿಕ್ ಅಣ್ಣಂದಿರಿಗೆ ಗೌರವದಿಂದ, ಆದರೆ ಗಟ್ಟಿಯಾಗಿ ಹೇಳುತ್ತಿದ್ದೇವೆ. ಅದಿಲ್ಲದಿದ್ದರೆ ಎಂಜಿನ್ ಬೇಕಾದ ಬಿಸಿಗೆ ಬರುವುದಿಲ್ಲ. ಬಾರದಿದ್ದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ಕೂತ ಮಸಿಯನ್ನು ಸುಡುವ ಕೆಲಸವನ್ನೇ ಇಸಿಎಂ ಶುರು ಮಾಡದೆ ಹೋಗಬಹುದು. ಡಿಪಿಎಫ್ ಕಟ್ಟಿಕೊಂಡಾಗ ಮತ್ತೆ ಅದೇ ಸಲಹೆ ಬರುತ್ತದೆ, ಕಿತ್ತುಹಾಕಿ ಎಂದು.

ಹಳೆಯ ಕೂಲೆಂಟನ್ನು ಮೋರಿಗೆ ಸುರಿಯಬೇಡಿ. ಅದರಲ್ಲಿರುವ ಎಥಿಲಿನ್ ಗ್ಲೈಕಾಲ್ ಸಿಹಿಯಾದ ವಿಷ. ಬೀದಿನಾಯಿಗಳು ನೆಕ್ಕಿ ಸಾಯುತ್ತವೆ. ಪೀಣ್ಯದ ಕಡೆಯಿಂದ ವೃಷಭಾವತಿ ಹೊರುತ್ತಿರುವ ಕೊಳೆಗೆ ನಾವೂ ಸೇರಿಸುವುದು ಬೇಡ.

ಹೊಗೆ ವ್ಯವಸ್ಥೆ: ಮಾಡಲೇಬಾರದ್ದು

ಇಜಿಆರ್‌ಗೆ ತಗಡು ಹೊಡೆದು ಮುಚ್ಚುವುದು, ಡಿಪಿಎಫ್ ಕೊರೆದು ಪೈಪು ಕೂರಿಸುವುದು, ಯೂರಿಯಾ ಹೋಗುತ್ತಿದೆ ಎಂದು ಇಸಿಎಂಗೆ ಸುಳ್ಳು ಹೇಳುವ ಡಬ್ಬಿ ಸಿಕ್ಕಿಸುವುದು, ಇದಕ್ಕೆಂದೇ ರೀಮ್ಯಾಪ್ ಮಾಡುವುದು, ಇವೆಲ್ಲ ಅಪರಾಧ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. 2019ರ ತಿದ್ದುಪಡಿ ತಂದ 182ಎ(4) ಪ್ರಕಾರ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ವಾಯುಮಾಲಿನ್ಯದ ಮಿತಿ ಮೀರಿದರೆ 190(2) ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಅಥವಾ 3 ತಿಂಗಳವರೆಗೆ ಜೈಲು, ಅಥವಾ ಎರಡೂ; ಲೈಸೆನ್ಸಿಗೂ 3 ತಿಂಗಳ ಅನರ್ಹತೆ.

‘ಎಮಿಷನ್ ಸರ್ಟಿಫಿಕೇಟ್ ಇದೆಯಲ್ಲ’ ಎನ್ನಬೇಡಿ. ಅದನ್ನು ಕೊಡುವ ತಪಾಸಣಾ ಕೇಂದ್ರದ ಮೀಟರ್ ಡೀಸೆಲ್ ಗಾಡಿಯಲ್ಲಿ ಅಳೆಯುವುದು ಹೊಗೆಯ ದಟ್ಟಣೆಯನ್ನು. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡನ್ನು ಅದು ಹಿಡಿಯುವುದಿಲ್ಲ, ಯೂರಿಯಾ ಬೈಪಾಸ್ ಮಾಡಿದಾಗ ಹೆಚ್ಚುವುದು ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕಂಠೀರವ ಸ್ಟುಡಿಯೊ ಕಡೆಯ ರಿಂಗ್ ರೋಡಿನಲ್ಲಿ ಟ್ರಾಫಿಕ್ ನಿಂತಾಗ ಆ ಗಾಳಿಯನ್ನು ಮೊದಲು ಕುಡಿಯುವವರು ಚಾಲಕರು, ನಂತರ ಬಸ್ಸಿಗೆ ಕಾಯುತ್ತಿರುವ ಮಕ್ಕಳು.

ರೈತರ ಯೂರಿಯಾ ನೀರಿನಲ್ಲಿ ಕದಡಿ ಟ್ಯಾಂಕಿಗೆ ಹಾಕಬೇಡಿ. ಅದು ಬೇವಿನೆಣ್ಣೆ ಸವರಿದ ಗೊಬ್ಬರ. ಇಂಜೆಕ್ಟರನ್ನೂ ಕ್ಯಾಟಲಿಸ್ಟನ್ನೂ ಹಾಳು ಮಾಡುತ್ತದೆ. ಸಬ್ಸಿಡಿ ಗೊಬ್ಬರವನ್ನು ಲಾರಿಗೆ ತಿರುಗಿಸುವುದು ಬೇರೆಯೇ ಅಪರಾಧ.

ಹೊಗೆ ವ್ಯವಸ್ಥೆ: ಮಾಡಬೇಕಾದ್ದು

32.5 ಶೇಕಡಾ ಯೂರಿಯಾ ದ್ರಾವಣ ಎಂದು ನಮೂದಿಸಿದ ಸೀಲ್ ಇರುವ ಕ್ಯಾನ್ ಕೊಳ್ಳಿ. ಯೂರಿಯಾ ತಪ್ಪಿ ಡೀಸೆಲ್ ಟ್ಯಾಂಕಿಗೆ ಬಿದ್ದರೆ ಕೀ ಕೂಡ ತಿರುಗಿಸದೆ ಟ್ಯಾಂಕ್ ಖಾಲಿ ಮಾಡಿಸಿ. ಡಿಪಿಎಫ್ ಇರುವ ಗಾಡಿಗೆ ಕಂಪನಿ ಹೇಳಿದ ಕಡಿಮೆ ಬೂದಿಯ ಆಯಿಲನ್ನೇ ಹಾಕಿ. ಮಸಿ ಸುಟ್ಟುಹೋಗುತ್ತದೆ, ಆಯಿಲ್ ಬೂದಿ ಸುಡುವುದಿಲ್ಲ.

ಡಿಪಿಎಫ್ ಮಸಿ ಸುಡುವ ರೀಜನರೇಷನ್ನಿನ ಲೈಟ್ ಬಂದರೆ ತಪ್ಪಿಸಬೇಡಿ. ನಿಂತಲ್ಲೇ ಮಾಡುವಾಗ ಒಳಗೆ 600 ಡಿಗ್ರಿಯ ಹತ್ತಿರ ಬಿಸಿಯಿರುತ್ತದೆ. ಯಾರ್ಡಿನ ಗೋಣಿಚೀಲ, ಒಣಹುಲ್ಲು, ಮನೆಯ ಗೋಡೆ ಯಾವುದರ ಹತ್ತಿರವೂ ಬೇಡ.

ಸೆಕೆಂಡ್ ಹ್ಯಾಂಡ್ ಬಿಎಸ್-6 ಲಾರಿ ಕೊಳ್ಳುವವರು ದುಡ್ಡು ಕೊಡುವ ಮೊದಲು ಯೂರಿಯಾ ಮಟ್ಟ ಗುರುತು ಮಾಡಿಕೊಂಡು ಒಂದು ದಿನ ಲೋಡಿನಲ್ಲಿ ಓಡಿಸಿ. ಡೀಸೆಲ್ ಇಳಿದು ಯೂರಿಯಾ ಇಳಿಯದಿದ್ದರೆ ಸ್ಕ್ಯಾನರ್ ಹಾಕಿಸಿ, ವೈರಿಂಗಿನಲ್ಲಿ ಡಬ್ಬಿ ಹುಡುಕಿಸಿ. ಡಬ್ಬಿ ಕೂರಿಸಿದವರು ಯಾರೇ ಆಗಿರಲಿ, ಆಮೇಲೆ ತಪಾಸಣೆಯಲ್ಲಿ ಉತ್ತರ ಕೊಡಬೇಕಾದವರು ಆರ್‌ಸಿಯಲ್ಲಿ ಹೆಸರಿರುವವರು.