ಬಳ್ಳಾರಿ ಬಿಸಿಲಿಗೆ ಒಗ್ಗುವ ಪ್ರೋಬ್

ಕೌಲ್ ಬಜಾರಿನ ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆ ಕೂತವರನ್ನು ಒಮ್ಮೆ ನೋಡಿದರೆ ಸಾಕು, ಪ್ರೋಬ್ ತಯಾರಿಸುವವರ ಕಷ್ಟ ತಿಳಿಯುತ್ತದೆ. ದಿನ ತುಂಬುತ್ತಿರುವ ಬಸುರಿ, ಕಿಡ್ನಿ ಕಲ್ಲಿನ ನೋವಿಗೆ ಪಕ್ಕೆ ಒತ್ತಿ ಹಿಡಿದ ಹಮಾಲಿ, ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡ ಜೀನ್ಸ್ ಹೊಲಿಗೆಯ ಹೆಣ್ಣುಮಗಳು, ದಿನವಿಡೀ ನಿಂತು ಬಟ್ಟೆ ಕತ್ತರಿಸಿ ಕಾಲಿನ ನರ ಉಬ್ಬಿಸಿಕೊಂಡ ಕಟಿಂಗ್ ಮಾಸ್ಟರ್. ನಾಲ್ವರಿಗೂ ಯಂತ್ರ ಒಂದೇ. ಮೈಗೆ ತಾಗುವ ಪ್ರೋಬ್ ಮಾತ್ರ ಬೇರೆ ಬೇರೆ: ಹೊಟ್ಟೆಗೆ ಬಾಗಿದ ಮುಖದ ಕಾನ್ವೆಕ್ಸ್, ಕುತ್ತಿಗೆಗೂ ಕಾಲಿಗೂ ಚಪ್ಪಟೆ ಮುಖದ ಲೀನಿಯರ್, ಹೃದಯ ನೋಡಬೇಕಾದರೆ ಪಕ್ಕೆಲುಬಿನ ಸಂದಿಯಲ್ಲಿ ಕೂರುವ ಪುಟ್ಟ ಫೇಸ್ಡ್ ಅರೇ. ಇವನ್ನೆಲ್ಲ ಒಂದೇ ಹಿಡಿಯೊಳಗೆ ತರಬಹುದೇ? ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸುತ್ತ ಈ ಯಂತ್ರಗಳನ್ನು ರಿಪೇರಿ ಮಾಡಿಕೊಂಡು ಬಂದ ನನಗೆ ಈ ಪ್ರಶ್ನೆಯ ಅರ್ಧ ಉತ್ತರ ಸಿಕ್ಕಿದ್ದು ಕೆಟ್ಟು ಬಂದ ಪ್ರೋಬ್‌ಗಳ ಒಳಗೆ.

ಇನ್ನರ್ಧ ಭೌತಶಾಸ್ತ್ರದಲ್ಲಿದೆ. ಅದರ ಜೊತೆ ಚೌಕಾಸಿ ನಡೆಯುವುದಿಲ್ಲ. ಪ್ರೋಬ್ ಮೈಯೊಳಗೆ ಕಳಿಸುವ ಶಬ್ದ ಮೆದು ಅಂಗಾಂಶದಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ. 3.5 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 0.44 ಮಿಲಿಮೀಟರ್, 10 ಮೆಗಾಹರ್ಟ್ಸ್‌ನಲ್ಲಿ 0.15. ಅಲೆ ಚಿಕ್ಕದಾದಷ್ಟೂ ಚಿತ್ರ ನವಿರು, ಹಾಗಾಗಿಯೇ ಥೈರಾಯ್ಡ್ ಗಂಟಿಗೆ ಮೇಲಿನ ಆವರ್ತನ ಬೇಕು. ಆದರೆ ಪ್ರತಿ ಸೆಂಟಿಮೀಟರಿಗೆ, ಪ್ರತಿ ಮೆಗಾಹರ್ಟ್ಸ್‌ಗೆ ಸುಮಾರು ಅರ್ಧ ಡೆಸಿಬೆಲ್‌ನಂತೆ ಶಬ್ದ ಸೊರಗುತ್ತ ಹೋಗುತ್ತದೆ. 15 ಸೆಂಟಿಮೀಟರ್ ಆಳಕ್ಕೆ ಹೋಗಿ ಮರಳುವಷ್ಟರಲ್ಲಿ 3.5 ಮೆಗಾಹರ್ಟ್ಸ್ ಅಲೆ 52 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಎಂದರೆ ಹೊರಟ ಶಕ್ತಿಯಲ್ಲಿ ಉಳಿಯುವುದು ಹೆಚ್ಚುಕಡಿಮೆ ಒಂದೂವರೆ ಲಕ್ಷಕ್ಕೆ ಒಂದು ಪಾಲು. ಅದೇ ದಾರಿಯಲ್ಲಿ 10 ಮೆಗಾಹರ್ಟ್ಸ್ ಕಳೆದುಕೊಳ್ಳುವುದು 150 ಡೆಸಿಬೆಲ್, ಅಂದರೆ ಒಂದರ ಮುಂದೆ 15 ಸೊನ್ನೆ ಬರೆದಷ್ಟು ಪಾಲಿನಲ್ಲಿ ಒಂದು. ಯಾವ ರಿಸೀವರಿಗೂ ಅದು ಕೇಳಿಸದು.

ಸಾಂಪ್ರದಾಯಿಕ ಪ್ರೋಬಿನ ಜೀವ ಪಿಜೆಡ್‌ಟಿ ಎಂಬ ಪಿಂಗಾಣಿ. ಒತ್ತಿದರೆ ವಿದ್ಯುತ್ತು ಕೊಡುವ ಹರಳಿನ ಪೀಜೋ ಗುಣವನ್ನು ಪ್ಯಾರಿಸ್ಸಿನಲ್ಲಿ ಕ್ಯೂರಿ ಸಹೋದರರು ಕಂಡದ್ದು 1880ರಲ್ಲಿ. 3.5 ಮೆಗಾಹರ್ಟ್ಸ್‌ಗೆ ಈ ಪಿಂಗಾಣಿಯ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, 10ಕ್ಕೆ ಬರೀ 0.2. ದಪ್ಪವೇ ಆವರ್ತನವನ್ನು ನಿರ್ಧರಿಸುವುದರಿಂದ ಒಂದೇ ತುಂಡು ಎರಡೂ ಕೆಲಸ ಮಾಡುವುದು ಕಷ್ಟ. ಜೊತೆಗೆ, ಶಬ್ದಕ್ಕೆ ಪಿಂಗಾಣಿ ಒಡ್ಡುವ ತಡೆ ಮಾಂಸದ್ದಕ್ಕಿಂತ ಸುಮಾರು 20 ಪಟ್ಟು. ನೇರ ಅಂಟಿಸಿದರೆ ಶೇಕಡ 80ಕ್ಕೂ ಹೆಚ್ಚು ಶಕ್ತಿ ಗಡಿಯಲ್ಲೇ ಹಿಂದಿರುಗುತ್ತದೆ. ಅದಕ್ಕೆಂದೇ ನಡುವೆ ಕಾಲು ಅಲೆಯಷ್ಟು ದಪ್ಪದ ಮ್ಯಾಚಿಂಗ್ ಪದರ, ಹಿಂದೆ ಕಂಪನವನ್ನು ಬೇಗ ನಿಲ್ಲಿಸುವ ಬ್ಯಾಕಿಂಗ್. ಆವರ್ತನದ ಹರವು ಹೆಚ್ಚಬೇಕೆಂದರೆ ಪದರಗಳೂ ಹೆಚ್ಚಬೇಕು. ಪದರ ಹೆಚ್ಚಿದಷ್ಟೂ ಬಿಟ್ಟುಕೊಳ್ಳಬಹುದಾದ ಅಂಟುಗಳೂ ಹೆಚ್ಚುತ್ತವೆ.

ಉಕ್ಕಿನ ನೆರೆಯಲ್ಲಿ ಬದುಕುವ ಬಳ್ಳಾರಿಯವರಿಗೆ ಇಲ್ಲೊಂದು ನಂಟಿದೆ. ಗ್ಲಾಸ್ಗೋದ ವೈದ್ಯ ಇಯನ್ ಡೊನಾಲ್ಡ್ 1955ರಲ್ಲಿ ಗಡ್ಡೆಗಳನ್ನು ಪರೀಕ್ಷಿಸಿದ್ದು ಬಾಯ್ಲರ್ ಕಾರ್ಖಾನೆಯಲ್ಲಿ ಲೋಹದ ಬಿರುಕು ಹುಡುಕುತ್ತಿದ್ದ ಉಪಕರಣದಿಂದ. ಎಂಜಿನಿಯರ್ ಟಾಮ್ ಬ್ರೌನ್, ವೈದ್ಯ ಜಾನ್ ಮ್ಯಾಕ್‌ವಿಕಾರ್ ಜೊತೆಗೂಡಿ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ 1958ರ ಲೇಖನದಿಂದ ಹೊಟ್ಟೆಯ ಸ್ಕ್ಯಾನಿಂಗ್ ವೈದ್ಯಲೋಕದ ಗಮನಕ್ಕೆ ಬಂತು. ಬೆಸುಗೆಯ ಒಳಬಿರುಕು ನೋಡಲು ಉಕ್ಕಿನ ಕೆಲಸದವರು ಬಳಸುವ ವಿದ್ಯೆಯೇ ಬಸುರಿಯ ಹೊಟ್ಟೆಗೂ ಬಂದಿದೆ.

ಒಂದೇ ಪ್ರೋಬಿನ ಕನಸಿಗೆ ಈಗ ಎರಡು ದಾರಿಗಳಿವೆ. ಅಮೆರಿಕದ ಬಟರ್‌ಫ್ಲೈ ಕಂಪನಿ ಪಿಂಗಾಣಿಯನ್ನೇ ಕೈಬಿಟ್ಟು, ಸಿಲಿಕಾನ್ ಚಿಪ್ಪಿನ ಮೇಲೆ ಸುಮಾರು 9000 ಸೂಕ್ಷ್ಮ ಪೊರೆಗಳನ್ನು ಕೂರಿಸಿತು. ಸಾಫ್ಟ್‌ವೇರ್ ಹೇಳಿದಂತೆ ಅದು ಕಾನ್ವೆಕ್ಸ್‌ನಂತೆಯೂ ಲೀನಿಯರ್‌ನಂತೆಯೂ ಫೇಸ್ಡ್ ಅರೇಯಂತೆಯೂ ನಡೆದುಕೊಳ್ಳುತ್ತದೆ. 2017ರಲ್ಲಿ ಅಲ್ಲಿನ ಸರ್ಕಾರದ ಅನುಮತಿ ಸಿಕ್ಕಿತು. ಆರಂಭದ ಬೆಲೆ 2000 ಡಾಲರಿನೊಳಗೆ. 2010ರಲ್ಲಿ ಅಂಗೈಯಗಲದ ವಿಸ್ಕ್ಯಾನ್ ತಂದ ಜಿಇ ಇನ್ನೊಂದು ದಾರಿ ಹಿಡಿಯಿತು. 2021ರ ವಿಸ್ಕ್ಯಾನ್ ಏರ್‌ಗೆ ತಂತಿಯಿಲ್ಲ, ಒಂದು ತುದಿಯಲ್ಲಿ ಬಾಗಿದ ಮುಖ, ಇನ್ನೊಂದು ತುದಿಯಲ್ಲಿ ಚಪ್ಪಟೆ ಮುಖ. ತಿರುಗಿಸಿ ಹಿಡಿದರಾಯಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರುದ್ರಪ್ರತಾಪ್ ಅವರ ತಂಡ ತೆಳು ಪೀಜೋ ಪದರದ ಪೊರೆಗಳ ಮೇಲೆ ಕೆಲಸ ಮಾಡಿದೆ.

ತಾಲ್ಲೂಕು ಆಸ್ಪತ್ರೆಗೆ ಯಾವುದು ಎಂದರೆ ನಾನು ಎರಡು ಮುಖದ್ದನ್ನೇ ಆರಿಸುತ್ತೇನೆ. ಚಿಪ್ಪಿನ ಸಾಧನೆ ದೊಡ್ಡದು, ಅದು ಬೆಳೆಯಲಿ. ಆದರೆ ಆಳದ ಕೆಲಸಕ್ಕೂ ನವಿರಿನ ಕೆಲಸಕ್ಕೂ ಬೇರೆ ಬೇರೆ ಮುಖ ಕೊಟ್ಟಾಗ ಎರಡರಲ್ಲೂ ರಾಜಿ ಕಡಿಮೆ.

ಮುಖ ಒಂದಿರಲಿ ಎರಡಿರಲಿ, ಆರಿಸುವಾಗ ನೋಡಬೇಕಾದ ಇನ್ನೊಂದು ವಿಷಯ ಬಿಸಿಲು. ಅಂತಾರಾಷ್ಟ್ರೀಯ ಸುರಕ್ಷತಾ ಮಾನದಂಡದ ಪ್ರಕಾರ ರೋಗಿಯ ಮೈಗೆ ತಾಗುವ ಪ್ರೋಬಿನ ಮುಖ 43 ಡಿಗ್ರಿ ದಾಟಬಾರದು. ಬಳ್ಳಾರಿಯ ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 40 ಮುಟ್ಟುತ್ತದೆ. ಎಲೆಕ್ಟ್ರಾನಿಕ್ಸ್ ಪೂರ್ತಿ ಹಿಡಿಯೊಳಗೇ ಇದ್ದರೆ ಅದರ ಶಾಖವೂ ಅಲ್ಲೇ ಉಳಿಯುತ್ತದೆ, ಹೊರಹೋಗಲು ತಂಪು ಗಾಳಿ ಇಲ್ಲ. ಆಗ ಯಂತ್ರ ತಾನಾಗಿ ಶಕ್ತಿ ಇಳಿಸುತ್ತದೆ, ಇಲ್ಲವೇ ತಣ್ಣಗಾಗುವವರೆಗೆ ನಿಲ್ಲುತ್ತದೆ. ಕರೆಂಟು ಹೋಗಿ ಎಸಿ ನಿಂತ ಮಧ್ಯಾಹ್ನ, ಹೊರಗೆ ಸರದಿ ಬೆಳೆಯುತ್ತಿರುವಾಗ, ಅದು ಸಣ್ಣ ವಿಷಯವಲ್ಲ.

ಪ್ರೋಬ್‌ಗಳು ಕೆಡುವ ಬಗೆ ಮಾತ್ರ ತೀರ ಸಾಧಾರಣ. ಮೊದಲನೆಯದು ಕೇಬಲ್. ಕೂದಲಿನಷ್ಟು ಸಣ್ಣ ನೂರಾರು ತಂತಿಗಳು ಅದರಲ್ಲಿರುತ್ತವೆ. ಹಿಡಿಯ ಬುಡದಲ್ಲಿ ಮಡಚಿ ಮಡಚಿ, ಟ್ರಾಲಿಯ ಗಾಲಿಗೆ ಸಿಕ್ಕಿ ಅವು ಒಂದೊಂದಾಗಿ ತುಂಡಾಗುತ್ತವೆ. ಎರಡನೆಯದು ಮುಖದ ಸಿಲಿಕೋನ್ ಲೆನ್ಸ್. ಜೆಲ್ಲಿ ಒರೆಸದೆ ಬಿಟ್ಟರೆ ಒಣಗಿ ಅಂಟುತ್ತದೆ, ಕಂಪನಿ ಹೇಳದ ದ್ರಾವಣದಲ್ಲಿ ಒರೆಸುತ್ತಿದ್ದರೆ ಊದಿ ಬಿಟ್ಟುಕೊಳ್ಳುತ್ತದೆ. ಜೆಲ್ಲಿ ಹಚ್ಚದ ಲೆನ್ಸಿನ ಮೇಲೆ ಪೇಪರ್ ಕ್ಲಿಪ್ಪನ್ನು ಮೆಲ್ಲಗೆ ಜರುಗಿಸಿದರೆ ಪರದೆಯಲ್ಲಿ ಬಿಳಿ ಗೆರೆಗಳು ಜೊತೆಗೇ ಸಾಗುತ್ತವೆ. ಎಲಿಮೆಂಟ್, ಅಂದರೆ ಪಿಂಗಾಣಿಯ ಸಣ್ಣ ತುಂಡು, ಸತ್ತ ಜಾಗದಲ್ಲಿ ಅವು ಮಂಕಾಗುತ್ತವೆ. ದೊಡ್ಡ ಉಪಕರಣವಿಲ್ಲದೆ ಯಾವ ಸಿಸ್ಟರ್ ಕೂಡ ಮಾಡಬಹುದಾದ ಈ ಪರೀಕ್ಷೆಯನ್ನು ನಾನು ಹೋದಲ್ಲೆಲ್ಲ ಕಲಿಸಿದ್ದೇನೆ. ಸತ್ತ ಎಲಿಮೆಂಟಿನ ನೆರಳಿನಲ್ಲಿ ಸಣ್ಣ ಕಲ್ಲು ಮರೆಯಾಗಿ ಹೋಗಬಹುದು.

ಜೇಬಿಗೆ ಇಳಿಯುವ ಪ್ರೋಬಿಗೆ ನಮ್ಮ ದೇಶದಲ್ಲಿ ಕಾನೂನಿನ ಬೇಲಿಯೂ ಇದೆ, ಇರಲೇಬೇಕು. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯಡಿ ನೋಂದಣಿಯಿಲ್ಲದ ಕೇಂದ್ರಕ್ಕೆ ಯಂತ್ರ ಮಾರುವಂತಿಲ್ಲ. ಹೊತ್ತೊಯ್ಯಬಲ್ಲ ಯಂತ್ರಗಳನ್ನು ಎಲ್ಲಿ ಬಳಸಬೇಕೆಂಬುದಕ್ಕೂ ಮಿತಿಯಿದೆ. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದುದು ಬಯಲಾದಾಗ ಈ ಕಸುಬಿನ ನಾವೆಲ್ಲ ತಲೆ ತಗ್ಗಿಸಿದೆವು. ಯಾವ ಯಂತ್ರ, ಯಾವ ಕೇಂದ್ರ, ಯಾವ ಹೊತ್ತು ಎಂಬ ಅಳಿಸಲಾಗದ ದಾಖಲೆ ಪ್ರೋಬಿನೊಳಗೇ ಉಳಿಯುವಂತೆ ವಿನ್ಯಾಸಕರು ಮಾಡಬಲ್ಲರು.

ಸಿರುಗುಪ್ಪದಂಥ ಊರಿಗೆಂದು ಯಾರಾದರೂ ಪ್ರೋಬ್ ಮಾಡಿದರೆ ನಾನು ಕೇಳುವುದು ಇಷ್ಟು: ಎರಡು ಮುಖ, 43ರ ಮಿತಿಯನ್ನು 40 ಡಿಗ್ರಿಯ ಕೋಣೆಯಲ್ಲಿ ಪರೀಕ್ಷಿಸಿದ ಪ್ರಮಾಣಪತ್ರ, ಆಸ್ಪತ್ರೆಯಲ್ಲಿ ಕೈಗೆ ಸಿಗುವ ಸ್ಪಿರಿಟ್ ತಡೆಯುವ ಲೆನ್ಸ್, ಬೆಂಗಳೂರಿಗೆ ಕಳಿಸದೆ ಇಲ್ಲೇ ಬದಲಿಸಬಹುದಾದ ಕೇಬಲ್, ಅದರ ಬಿಡಿಭಾಗದ ಬೆಲೆ ಖರೀದಿ ಟೆಂಡರಿನಲ್ಲೇ ನಮೂದಾಗಿರುವುದು.